ಬಿಸಿಲೂರು ನೆರಳೂರಿನ ಜಂಟಿ ಪಾಸು

ನವೆಂಬರ್ ಬಂತೆಂದರೆ ಮ್ಯೂನಿಕ್ಕಿನ ಪಕ್ಕದ ಗಾರ್ಕಿಂಗಿನ ನಮ್ಮ ಕಟ್ಟಡದ ಕೆಲ್ಲರ್‌ನಿಂದ, ಅಂದರೆ ನೆಲಮಾಳಿಗೆಯಿಂದ, ಕಾದ ಮೇಣದ ವಾಸನೆ ಮೆಟ್ಟಿಲು ಹತ್ತಿ ಮೇಲೆ ಬರುತ್ತದೆ. ಸ್ಕೀ ಹಲಗೆಗಳ ಅಡಿಗೆ ಮೇಣ ಸವರಿ ಇಸ್ತ್ರಿಪೆಟ್ಟಿಗೆಯಿಂದ ತಿಕ್ಕುವ ಕಾಲ ಅದು. ಬೇರೆಯವರಿಗೆ ಅದು ಬರೀ ಮೇಣ. ನನಗೆ ಮಾತ್ರ ಆ ವಾಸನೆಯ ಹಿಂದೆಯೇ ಕಂದಿದ ಬೆಣ್ಣೆಯ ಪರಿಮಳ, ಒಲೆಯ ಮೇಲೆ ಒಣಗುತ್ತಿರುವ ಉಣ್ಣೆಯ ಕೈಗವಸು, ಸೀರೆಯ ಮೇಲೆ ಸ್ಕೀ ಜಾಕೆಟ್ಟು ತೊಟ್ಟ ನನ್ನ ಅಮ್ಮ, ಎಲ್ಲವೂ ಒಟ್ಟಿಗೆ ಬರುತ್ತವೆ. ಮೂರು ವರ್ಷದ ಹಿಂದಿನ ಆ ಚಳಿಗಾಲದಲ್ಲಿ ನಕ್ಕಷ್ಟು ನಾನು ಜನ್ಮದಲ್ಲಿ ನಕ್ಕಿಲ್ಲ.

ನಾನು ಮ್ಯೂನಿಕ್ಕಿನ ಒಂದು ಸಣ್ಣ ಕಂಪನಿಯಲ್ಲಿ ಇಂಜಿನಿಯರು. ನಮ್ಮ ಕಂಪನಿ ಮಾಡುವುದು ಗೇಟು. ಸ್ಕೀ ಆಡಲು ಬಂದವರು ಗುಡ್ಡ ಹತ್ತುವ ಲಿಫ್ಟಿನ ಎದುರು ನಿಂತರೆ ಅವರ ಜೇಬಿನಲ್ಲಿರುವ ಪಾಸನ್ನು ಗೇಟು ತಾನೇ ಓದಿ ಹಸಿರು ದೀಪ ಹಾಕಿ ಬಿಟ್ಟುಕೊಡುತ್ತದೆ. ಪಾಸು ಸರಿಯಿಲ್ಲದಿದ್ದರೆ ಕೆಂಪು. ಬಾರ್ಕೂರಿನಲ್ಲಿ ಹುಟ್ಟಿ, ಹಿಮವನ್ನು ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಮಾತ್ರ ಕಂಡು ಬೆಳೆದ ನನ್ನನ್ನು ಆ ವರ್ಷ ಒಂದಿಡೀ ಋತುವಿಗೆ ಆಲ್ಪ್ಸಿನ ಬುಡಕ್ಕೆ ಕಳಿಸಿದರು.

ಒಂದು ಗುಡ್ಡ, ಅದರ ಎರಡು ಬದಿಗೆ ಎರಡು ಊರು. ನಿಜವಾದ ಹೆಸರು ಬರೆದರೆ ನಮ್ಮ ಹೆಸರು ಯಾಕೆ ಮೊದಲು ಬರಲಿಲ್ಲ ಎಂದು ಈಗಲೂ ಯಾರಾದರೊಬ್ಬರು ಜಗಳಕ್ಕೆ ಬಂದಾರು. ಹಾಗಾಗಿ ನಾನು ಆಗಲೇ ಇಟ್ಟುಕೊಂಡಿದ್ದ ಹೆಸರುಗಳೇ ಇರಲಿ. ದಕ್ಷಿಣಕ್ಕೆ ಮುಖ ಮಾಡಿದ್ದು ಬಿಸಿಲೂರು, ಉತ್ತರಕ್ಕೆ ಮುಖ ಮಾಡಿದ್ದು ನೆರಳೂರು. ಬಿಸಿಲೂರಿನಲ್ಲಿ ಗಾಜಿನ ಕ್ಯಾಬಿನ್ನುಗಳ ಹೊಸ ಲಿಫ್ಟು, ಕೂತರೆ ಬೆಚ್ಚಗಾಗುವ ಸೀಟು, ಆದರೆ ಬಿಸಿಲಿಗೆ ಹಿಮ ನಿಲ್ಲುವುದಿಲ್ಲ. ನೆರಳೂರಿನಲ್ಲಿ ಮೊಣಕಾಲುದ್ದದ ಹಿಮ, ಆದರೆ ಅಜ್ಜನ ಕಾಲದ ಕುರ್ಚಿ ಲಿಫ್ಟು. ಬಹಳ ವರ್ಷಗಳಿಂದ ಎರಡೂ ಊರಿಗೆ ಒಂದೇ ಪಾಸು ನಡೆಯುತ್ತಿತ್ತು. ಜನ ಇಲ್ಲಿ ಹತ್ತಿ ಅಲ್ಲಿ ಇಳಿದು, ಅಲ್ಲಿ ಹತ್ತಿ ಇಲ್ಲಿ ಇಳಿದು ಸುಖವಾಗಿದ್ದರು.

ಹೊಸ ಲಿಫ್ಟು ಬಂದ ಕೂಡಲೇ ಬಿಸಿಲೂರಿನವರು ಪಾಸಿನಲ್ಲಿ ತಮ್ಮ ಊರಿನ ಹೆಸರನ್ನು ನೆರಳೂರಿನ ಹೆಸರಿಗಿಂತ ಮೇಲೆ ಅಚ್ಚು ಹಾಕಿಸಿದರು. ಅಷ್ಟೇ ಸಾಕಾಯಿತು. ಲಿಫ್ಟು ನಿಮ್ಮದಿರಬಹುದು, ಹಿಮ ನಮ್ಮದು ಎಂದಿತು ನೆರಳೂರು. ಹಿಮ ದೇವರದ್ದು, ಲಿಫ್ಟು ನಮ್ಮದು ಎಂದಿತು ಬಿಸಿಲೂರು. ಪಾಸಿನ ಹಣದ ಪಾಲಿನ ತಕರಾರೂ ಅಡಿಯಲ್ಲಿ ಇತ್ತೆನ್ನಿ, ಆದರೆ ಮರ್ಯಾದಸ್ಥರು ಹೆಸರಿಗಾಗಿಯೇ ಜಗಳವಾಡುವುದು. ಕೊನೆಗೆ ಜಂಟಿ ಪಾಸು ರದ್ದಾಗಿ, ಈ ಊರಿನ ಪಾಸಿಗೆ ಆ ಊರಿನ ಗೇಟು ಕೆಂಪು ತೋರಿಸಬೇಕು ಎಂದು ಎರಡೂ ಕಡೆಯಿಂದ ನಮ್ಮ ಕಂಪನಿಗೆ ಆದೇಶ ಬಂತು. ಎರಡು ಊರು ಒಮ್ಮತದಿಂದ ಮಾಡಿದ ಕೊನೆಯ ಕೆಲಸ ಅದು. ಆ ಬೇಲಿ ಹಾಕುವವನೇ ನಾನು.

ನಮ್ಮ ಕಡೆಯ ಜೋಡಾಟ ಕಂಡವರಿಗೆ ಇದು ಬೇಗ ಅರ್ಥವಾದೀತು. ಒಂದೇ ಗದ್ದೆಯಲ್ಲಿ ಎರಡು ಯಕ್ಷಗಾನ ಮೇಳ, ಎರಡು ರಂಗಸ್ಥಳ. ಎಲ್ಲಿ ಚೆಂಡೆ ಜೋರಾಯಿತೋ ಅಲ್ಲಿಗೆ ಜನ ಕತ್ತು ತಿರುಗಿಸುತ್ತಾರೆ. ಇಲ್ಲಿ ವ್ಯತ್ಯಾಸ ಇಷ್ಟೇ, ಗದ್ದೆಯ ನಡುವೆ ಬೇಲಿ ಹಾಕಿ, ಕತ್ತು ತಿರುಗಿಸಿದರೆ ಕೆಂಪು ದೀಪ ಎಂದಿದ್ದರು.

ಗುಡ್ಡದ ನೆತ್ತಿಯಲ್ಲಿ ಎರಡೂ ಲಿಫ್ಟುಗಳು ಬಂದು ನಿಲ್ಲುವ ಜಾಗಗಳು ಕೂಗಳತೆಯಲ್ಲಿವೆ. ಸರಿಯಾಗಿ ಅವುಗಳ ನಡುವೆ ಒಂದು ಮರದ ಮನೆ. ಗುಡ್ಡದ ಮೇಲಿನ ಇಂಥ ಊಟದ ಮನೆಗೆ ಇಲ್ಲಿ ಹ್ಯುಟ್ಟೆ ಎನ್ನುತ್ತಾರೆ. ಅದನ್ನು ನಡೆಸುತ್ತಿದ್ದವಳು ವ್ರೋನಿ. ಅಪ್ಪ ಬಿಸಿಲೂರಿನವನು, ತಾಯಿ ನೆರಳೂರಿನವಳು, ಹಾಗಾಗಿ ಎರಡೂ ಊರಿನವರು ಅವಳನ್ನು ಆಚೆಯವಳು ಎನ್ನುತ್ತಿದ್ದರು. ಚಿಕ್ಕಮ್ಮನಿಂದ ಹ್ಯುಟ್ಟೆಯನ್ನು ವಹಿಸಿಕೊಂಡ ಮೊದಲ ವರ್ಷ ಅದು. ಗುಂಡುಗುಂಡಾದ ಕೈ, ಕೆಂಪು ಕೆನ್ನೆ, ಬಿಯರಿನ ಪೀಪಾಯಿಯನ್ನು ಒಬ್ಬಳೇ ಉರುಳಿಸಿಕೊಂಡು ಹೋಗುವ ತಾಕತ್ತು.

ಕೆಂಪು ದೀಪ ಬಂದದ್ದೇ ಹ್ಯುಟ್ಟೆಯ ಬೆಂಚುಗಳು ಖಾಲಿಯಾದವು. ಎರಡು ಊರಿನಲ್ಲಿ ಹಂಚಿಹೋಗಿದ್ದ ಸಂಸಾರಗಳು ಮೊದಲು ಇಲ್ಲಿ ಒಟ್ಟಾಗಿ ಉಣ್ಣುತ್ತಿದ್ದವು. ಈಗ ಊಟ ಮುಗಿಸಿ ಮರೆತು ಆಚೆ ಇಳಿದರೆ ವಾಪಸು ಬರಲಾಗದು ಎಂಬ ಹೆದರಿಕೆಯಲ್ಲಿ ಜನ ಮೇಲೆ ನಿಲ್ಲುವುದನ್ನೇ ಬಿಟ್ಟರು. ಹ್ಯುಟ್ಟೆಯ ಒಡೆತನ ಎರಡೂ ಊರಿನ ಹಳೆಯ ಸಂಘದ್ದು. ಫಾಶಿಂಗ್ ಹಬ್ಬದ ತನಕ ನೋಡುತ್ತೇವೆ, ಹೀಗೇ ಆದರೆ ಬೀಗ ಎಂದು ಸಂಘದವರು ಅವಳಿಗೆ ಹೇಳಿಯಾಗಿತ್ತು.

"ನಿನ್ನ ಮೇಲೆ ಸಿಟ್ಟಿಲ್ಲ, ನಿನ್ನ ಗೇಟಿನ ಮೇಲೆ ಸಿಟ್ಟು" ಎಂದು ವ್ರೋನಿ ಮೊದಲ ದಿನವೇ ನನಗೆ ಹೇಳಿದಳು. ಹೇಳಿ, ನನ್ನ ಕಾಫಿಯನ್ನು ಮೇಜಿನ ಮೇಲೆ ಸ್ವಲ್ಪ ಚೆಲ್ಲುವ ಹಾಗೇ ಇಟ್ಟಳು.

ನನ್ನ ಗೇಟಿನ ಪ್ರತಾಪ ನನಗೂ ಗೊತ್ತಾಗಬೇಕಿತ್ತಲ್ಲ! ನಾನು ಉಳಿದುಕೊಂಡಿದ್ದು ನೆರಳೂರಿನಲ್ಲಿ. ಒಂದು ದಿನ ದಟ್ಟ ಮಂಜಿನಲ್ಲಿ, ಆಗಷ್ಟೇ ಕಲಿತ ಸ್ಕೀಯಲ್ಲಿ, ಎರಡು ಕಾಲು ಎರಡು ದಿಕ್ಕಿಗೆ ಹೋಗುತ್ತಾ ಇಳಿದವನು ಕೆಳಗೆ ಬಂದು ನೋಡಿದರೆ ಬಿಸಿಲೂರು. ವಾಪಸು ಹತ್ತೋಣವೆಂದು ಗೇಟಿಗೆ ನಿಂತೆ. ಕೆಂಪು. ಕೆಲಸದವರ ಪಾಸಿಗೂ ವಿನಾಯಿತಿ ಇರಬಾರದು ಎಂದು ನಾನೇ ಅಷ್ಟು ನಿಷ್ಠೆಯಿಂದ ಬರೆದಿದ್ದ ನಿಯಮ! ಗೇಟಿನವನು ನನ್ನನ್ನು ಗುರುತಿಸಿದ, ಆದರೂ ಕೈಯಾಡಿಸಿ ರಸ್ತೆ ತೋರಿಸಿದ. ಗುಡ್ಡ ಸುತ್ತಿಕೊಂಡು ಟ್ಯಾಕ್ಸಿಯಲ್ಲಿ ನೆರಳೂರು ಸೇರುವಷ್ಟರಲ್ಲಿ ಸುದ್ದಿ ಗಾರ್ಕಿಂಗ್ ತಲುಪಿತ್ತು. ಅಲ್ಲಿನ ನನ್ನ ರೂಮ್‌ಮೇಟ್, ನಮ್ಮ ಕಂಪನಿಯವನೇ ಆದ ಶಿವಮೊಗ್ಗದ ಇರ್ಫಾನ್, ಫೋನು ಮಾಡಿದ.

"ಏನ್ ಗುರು, ನಿನ್ ಗೇಟೇ ನಿನ್ನ ಒಳಗ್ ಬಿಡ್ಲಿಲ್ವಂತೆ? ಇದಕ್ಕೇ ಅಲ್ವಾ ಜರ್ಮನ್ ಕ್ವಾಲಿಟಿ ಅನ್ನೋದು!"

ಕ್ರಿಸ್‌ಮಸ್ ಮುಗಿದ ಮೇಲೆ ಅಮ್ಮ ಬಂದಳು. ಅಮ್ಮ ನಿವೃತ್ತ ಶಾಲಾ ಟೀಚರು. ಆದರೆ ಬಾರ್ಕೂರು, ಬ್ರಹ್ಮಾವರದ ಸುತ್ತಿನಲ್ಲಿ ಅವಳ ಹೆಸರು ಉಳಿದದ್ದು ಪಾಠದಿಂದಲ್ಲ, ಕೂಡಿಸಿದ ಮದುವೆಗಳಿಂದ. ಊರವರ ಮಕ್ಕಳನ್ನೆಲ್ಲ ದಡ ಸೇರಿಸಿದ ಸರಸ್ವತಿ ಟೀಚರ ಸ್ವಂತ ಮಗ ಮಾತ್ರ ಒಂಟಿ ಎಂಬುದು ಅವಳ ವೃತ್ತಿಗೇ ಕಳಂಕವಾಗಿತ್ತು. ಬರುವಾಗ ಉಪ್ಪಿನಕಾಯಿಯ ಜೊತೆ ಫೋನಿನಲ್ಲಿ ಹುಡುಗಿಯರ ಫೋಟೋಗಳನ್ನೂ ತಂದಿದ್ದಳು.

ಮರುದಿನವೇ ಅವಳನ್ನು ಹ್ಯುಟ್ಟೆಗೆ ಕರೆದುಕೊಂಡು ಹೋದೆ. ಅಲ್ಲಿ ಬಡಿಸಲು ಒಬ್ಬ ಹುಡುಗಿ ಇದ್ದಳು. ಬಟಾಟೆ ಸೂಪು ತಂದು ಬೇಕಾ ಎಂದು ಕೇಳಿದಳು. ಅಮ್ಮ ನಗುತ್ತಾ "ನೋ, ನೋ" ಎಂದಳು. ಹುಡುಗಿ ಸೂಪನ್ನು ವಾಪಸು ಒಯ್ದಳು. ಬ್ರೆಡ್ಡಿಗೂ ಹಾಗೇ ಆಯಿತು. ಅಮ್ಮನ ಮುಖ ಬಾಡಿತು.

"ಎಂತ ಜನ ಮಾರಾಯ ಇವರು! ಒಂದು ಸಲ ಬೇಡ ಹೇಳಿದ್ರೆ ತಕ್ಕೊಂಡೇ ಹೋಗುದಾ?"

"ಬೇಕಾದ್ರೆ ಬೇಕು ಅಂತ ಹೇಳ್ಬೇಕಮ್ಮ ಇಲ್ಲಿ."

"ಮೊದಲ ಸಲಕ್ಕೇ ಬೇಕು ಅಂತ ಹೇಳ್ಲಿಕ್ಕೆ ನಾನೆಂತ ಬರಗಾಲದಿಂದ ಬಂದವಳಾ?"

ದೂರದಿಂದ ಇದನ್ನು ನೋಡುತ್ತಿದ್ದ ವ್ರೋನಿ ಒಳಗೆ ಹೋಗಿ ಒಂದು ದೊಡ್ಡ ಬಾಣಲೆ ಹಿಡಿದು ಬಂದಳು. ಅದರಲ್ಲಿ ದಪ್ಪದ ಸಿಹಿ ದೋಸೆಯಂಥದ್ದನ್ನು ಬೆಣ್ಣೆಯಲ್ಲಿ ಕಂದಿಸಿ, ಚೂರುಚೂರಾಗಿ ಹರಿದು, ದ್ರಾಕ್ಷಿ ಹಾಕಿದ್ದರು. ಕೈಸರ್‌ಶ್ಮಾರ್ನ್ ಎಂದು ಅದರ ಹೆಸರು, ಕೈಸರ್ ಎಂದರೆ ಚಕ್ರವರ್ತಿ ಎಂದು ಅಮ್ಮನಿಗೆ ಹೇಳಿದೆ. ವ್ರೋನಿ ಕೇಳಲಿಲ್ಲ, ಅಮ್ಮನ ತಟ್ಟೆಗೆ ಹಾಕಿಯೇಬಿಟ್ಟಳು. ಅಮ್ಮ "ನೋ, ನೋ" ಎಂದಾಗ ಇನ್ನೊಂದು ಸೌಟು ಹಾಕಿದಳು. ಅಮ್ಮ ಒಂದು ಚೂರನ್ನೂ ಬಿಡದೆ ತಿಂದಳು.

"ನಮ್ಮಲ್ಲಿ ಮೊದಲ ದೋಸೆ ಕಾವಲಿಯಿಂದ ಏಳದೆ ಹೀಗೇ ಆಗುದು. ನಾವು ಅದನ್ನು ಮನೆಯವರೇ ತಿಂತೇವೆ, ಇವರು ಅದಕ್ಕೆ ರಾಜನ ಹೆಸರಿಟ್ಟು ಮಾರ್ತಾರೆ" ಎಂದು ಬಾಯಿ ಒರೆಸಿಕೊಂಡಳು. ಆಮೇಲೆ ತಗ್ಗಿದ ದನಿಯಲ್ಲಿ "ಈ ಹುಡುಗಿಗೆ ಬಡಿಸ್ಲಿಕ್ಕೆ ಗೊತ್ತುಂಟು" ಎಂದಳು.

ಅಂದಿನಿಂದ ಅಮ್ಮ ದಿನಾ ನನ್ನ ಜೊತೆ ಕುರ್ಚಿ ಲಿಫ್ಟಿನಲ್ಲಿ, ಸೆರಗನ್ನು ಜಾಕೆಟ್ಟಿನೊಳಗೆ ತುರುಕಿ, ಕಣ್ಣು ಮುಚ್ಚಿ ರಾಮ ರಾಮ ಎನ್ನುತ್ತಾ ಮೇಲೆ ಬರತೊಡಗಿದಳು. ನಾನು ಗೇಟಿನ ಕೆಲಸಕ್ಕೆ ಹೋದರೆ ಅವಳು ಹ್ಯುಟ್ಟೆಯ ಅಡುಗೆಮನೆಗೆ. ಅಮ್ಮನದು ಶಾಲೆಯ ಇಂಗ್ಲಿಷು, ವ್ರೋನಿಯದೂ ಶಾಲೆಯ ಇಂಗ್ಲಿಷು. ಇಬ್ಬರಿಗೂ ಹೆಚ್ಚು ಶಬ್ದ ಬಾರದ್ದರಿಂದ ಮಾತು ಚೆನ್ನಾಗಿ ನಡೆಯುತ್ತಿತ್ತು. ಅಮ್ಮನ ಬಾಯಲ್ಲಿ ವ್ರೋನಿ ಎರಡೇ ದಿನಕ್ಕೆ ವೇಣಿಯಾದಳು. ಬಟಾಟೆ ಸೂಪಿಗೆ ಸಾಸಿವೆ, ಕೆಂಪು ಮೆಣಸಿನ ಒಗ್ಗರಣೆ ಬಿತ್ತು. ಇದ್ದ ನಾಲ್ಕು ಗಿರಾಕಿಗಳು ಕೆಮ್ಮಿದರು, ಆದರೆ ಮರುದಿನ ಮತ್ತೆ ಅದನ್ನೇ ಕೇಳಿದರು. ಅಮ್ಮ ಫೋಟೋ ತೋರಿಸುವುದನ್ನು ನಿಲ್ಲಿಸಿದ್ದನ್ನು ನಾನು ಗಮನಿಸಿದೆ. ಚಳಿಗೆ ಮರೆತಿರಬೇಕು ಎಂದುಕೊಂಡೆ.

ನಾನೂ ಸುಮ್ಮನಿರಲಿಲ್ಲ. ಗೇಟು ಪರೀಕ್ಷೆಯ ನೆಪದಲ್ಲಿ ದಿನಕ್ಕೆರಡು ಸಲ ಹ್ಯುಟ್ಟೆಗೆ ಹೋಗುವುದು ಅಭ್ಯಾಸವಾಗಿತ್ತು. ವ್ರೋನಿ ಒರೆಸಿದ ಖಾಲಿ ಬೆಂಚುಗಳನ್ನೇ ಮತ್ತೆ ಮತ್ತೆ ಒರೆಸುತ್ತಿದ್ದಳು. ಅವಳ ಹ್ಯುಟ್ಟೆಗೆ ಬೀಗ ಹಾಕಿಸುವುದು ನಾನೇ, ನನ್ನ ಕೆಂಪು ದೀಪವೇ. ಇದನ್ನು ಅವಳಿಗೆ ಹೇಳಲು ಬಾಯಿ ಬರುತ್ತಿರಲಿಲ್ಲ. ಇನ್ನೊಂದು ಮಾತಿಗಂತೂ ಬಾಯಿ ಮೊದಲೇ ಬರುತ್ತಿರಲಿಲ್ಲ.

ಫೆಬ್ರವರಿಯಲ್ಲಿ ದಕ್ಷಿಣದ ಬಿಸಿಗಾಳಿ ಬೀಸಿ ಬಿಸಿಲೂರಿನ ಇಳಿಜಾರು ಬೋಳಾಯಿತು. ರಜೆಗೆಂದು ಬಂದ ಮಕ್ಕಳ ಸ್ಕೀ ಶಾಲೆಗೆ ಜಾಗವಿಲ್ಲ. ಗುಡ್ಡದಾಚೆ ನೆರಳೂರಿನಲ್ಲಿ ಹಿಮ ಬೇಕಾದಷ್ಟಿತ್ತು. ಒಂದು ಮಾತು ಕೇಳಿದರೆ ಆಗುತ್ತಿತ್ತು. ಬಿಸಿಲೂರಿನ ಲಿಫ್ಟಿನ ಯಜಮಾನ ಹೆರ್ ಕ್ರಾಫ್ಟ್, "ನಾವು ಯಾಕೆ ಕೇಳಬೇಕು? ಅವರೇ ಕರೆಯಲಿ" ಎಂದ. ನೆರಳೂರಿನ ಹೆರ್ ಮೋಸರ್, "ನಾವು ಯಾಕೆ ಕರೆಯಬೇಕು? ಅವರೇ ಕೇಳಲಿ" ಎಂದ. ಇಬ್ಬರೂ ಒಂದೇ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತು ಓದಿದವರಂತೆ.

ನಾನು ಇದನ್ನು ಅಮ್ಮನಿಗೆ ಹೇಳಿದೆ.

"ಇದರಲ್ಲಿ ಅರ್ಥ ಆಗದ್ದು ಎಂತ ಉಂಟು?" ಎಂದಳು ಅಮ್ಮ. "ಇದು ಬೀಗರ ಜಗಳ. ಇಬ್ಬರಿಗೂ ಸಂಬಂಧ ಬೇಕು, ಮೊದಲು ಬಾಯಿ ಬಿಟ್ಟವ ಸೋತ. ಇಂಥದ್ದಕ್ಕೇ ನಡುವೆ ಒಬ್ಬ ಬೇಕಾಗುದು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತ ಹಿರಿಯರು ಸುಮ್ನೆ ಹೇಳಿದ್ದಾ?"

"ಇದು ಜರ್ಮನಿ ಅಮ್ಮ. ಇಲ್ಲಿ ಒಂದು ಸುಳ್ಳು ಹೇಳಿದ್ರೆ ನನ್ನ ಕೆಲಸ ಹೋಗ್ತದೆ."

"ಬೇಕಿದ್ದೂ ಬೇಡ ಅನ್ನುದರಲ್ಲಿ ಈ ಇಬ್ಬರೂ ನಮ್ಮ ಹಾಗೇ ಇದ್ದಾರೆ. ಸುಳ್ಳಿನಲ್ಲೂ ಇರ್ತಾರೆ" ಎಂದು ಅಮ್ಮ ಬಟಾಟೆ ಸುಲಿಯತೊಡಗಿದಳು.

ಫಾಶಿಂಗ್ ಬಂತು. ದೊಡ್ಡವರು ಚಿಕ್ಕವರೆನ್ನದೆ ವೇಷ ಹಾಕುವ ಹಬ್ಬ ಅದು. ಹಟಕ್ಕೆ ಬಿದ್ದಂತೆ ಎರಡೂ ಊರು ಒಂದೇ ದಿನ ಗುಡ್ಡದ ನೆತ್ತಿಯಲ್ಲಿ, ತಂತಮ್ಮ ಬದಿಯಲ್ಲಿ, ಮಕ್ಕಳ ವೇಷದ ಮೆರವಣಿಗೆ ಇಟ್ಟುಕೊಂಡವು. ಮೆರವಣಿಗೆ ಶುರುವಾದದ್ದೇ ಎಲ್ಲಿತ್ತೋ ಗಾಳಿ, ಟೋಪಿ ಕೊಂಬು ರೆಕ್ಕೆಗಳನ್ನೆಲ್ಲ ಕಿತ್ತು ಹಾರಿಸಿತು. ಎರಡೂ ಲಿಫ್ಟು ನಿಂತವು. ಎರಡೂ ಊರಿನ ಜನ ಒಂದೇ ಮಾಡಿನ ಕೆಳಗೆ, ವ್ರೋನಿಯ ಹ್ಯುಟ್ಟೆಗೆ ನುಗ್ಗಿದರು. ತಿಂಗಳುಗಟ್ಟಲೆ ಖಾಲಿ ಬಿದ್ದಿದ್ದ ಬೆಂಚುಗಳ ಮೇಲೆ ಅಪ್ಸರೆಯರು, ಚಿರತೆಗಳು, ಅಗ್ನಿಶಾಮಕದವರು ತೊಡೆಗೆ ತೊಡೆ ತಾಗಿಸಿ ಕೂತರು. ಅಮ್ಮನ ಸೀರೆಯನ್ನು ನೋಡಿದ ಒಬ್ಬ ಹೆಂಗಸು ಆ ದಿನದ ಅತ್ಯುತ್ತಮ ವೇಷ ಇದೇ ಎಂದಳು. ಅಮ್ಮ ಥ್ಯಾಂಕ್ಯೂ ಎಂದಳು.

ಕ್ರಾಫ್ಟ್ ಕಡಲ್ಗಳ್ಳನ ವೇಷದಲ್ಲಿ ದಕ್ಷಿಣದ ಕಿಟಕಿಯ ಬಳಿ ಕೂತಿದ್ದ. ಮೋಸರ್ ಕರಡಿಯ ವೇಷದಲ್ಲಿ, ಕರಡಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಉತ್ತರದ ಕಿಟಕಿಯ ಬಳಿ. ಒಬ್ಬರ ಬೆನ್ನು ಒಬ್ಬರಿಗೆ. ಮಧ್ಯಾಹ್ನದ ಹೊತ್ತಿಗೆ ಗಾಳಿ ತಗ್ಗಿತು. ಬಿಸಿಲೂರಿನ ಕ್ಯಾಬಿನ್ನು ಓಡಬಹುದೆಂದು ಸುದ್ದಿ ಬಂತು. ನೆರಳೂರಿನ ಹಳೆಯ ಕುರ್ಚಿ ಮಾತ್ರ ಆ ದಿನ ಏಳುವುದಿಲ್ಲವೆಂದೂ ಗೊತ್ತಾಯಿತು. ಸ್ಕೀ ಬಾರದ ನೆರಳೂರಿನ ಅಜ್ಜಿಯರು, ಪುಟ್ಟ ಮಕ್ಕಳು ಇಳಿಯಬೇಕೆಂದರೆ ಬಿಸಿಲೂರಿನ ಕ್ಯಾಬಿನ್ನೇ ಗತಿ, ಇಳಿಯುವವರಿಗೂ ಅದರ ಬಾಯಲ್ಲಿ ನನ್ನ ಗೇಟು. ಬೇಡ ಎನ್ನುವಷ್ಟು ಕಟುಕರು ಯಾರೂ ಇರಲಿಲ್ಲ. ಆದರೆ ಕೇಳುವವರೂ ಇರಲಿಲ್ಲ. ಒಬ್ಬನಲ್ಲಿ ಗಾಡಿ ಇದೆ, ಹಿಮ ಇಲ್ಲ. ಇನ್ನೊಬ್ಬನಲ್ಲಿ ಹಿಮ ಇದೆ, ಗಾಡಿ ಇಲ್ಲ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ವ್ರೋನಿ ತುಂಬಿದ ಬೆಂಚುಗಳನ್ನು ಕಣ್ಣು ತುಂಬಾ ನೋಡುತ್ತಿದ್ದಳು, ಕೊನೆಯ ಸಲ ನೋಡುವವಳ ಹಾಗೆ. ಅಮ್ಮ ನನ್ನ ಬೆನ್ನಿಗೆ ಸೌಟಿನಿಂದ ತಿವಿದಳು.

"ಹೋಗು ಮಾಣಿ."

ಹೋದೆ. ಕರಡಿಯ ಹತ್ತಿರ ಬಗ್ಗಿ, ನೀವು ಹಿಮ ಕೊಡುವುದಾದರೆ ಅವರು ಕ್ಯಾಬಿನ್ನು ಬಿಡಲು ಯಾವಾಗಲೂ ತಯಾರು ಎಂದು ಈಗಷ್ಟೇ ಹೇಳಿದರು ಎಂದೆ. ಮೋಸರ್ ಹುಬ್ಬು ಏರಿಸಿದ. ಅಲ್ಲಿಂದ ಕಡಲ್ಗಳ್ಳನ ಹತ್ತಿರ ಬಂದು, ನೀವು ಕ್ಯಾಬಿನ್ನು ಬಿಡುವುದಾದರೆ ನಿಮ್ಮ ಮಕ್ಕಳ ಶಾಲೆಗೆ ಅವರ ಇಳಿಜಾರು ನಾಳೆಯಿಂದಲೇ ತೆರೆದಿದೆಯೆಂದು ಅವರಾಗಿಯೇ ಹೇಳಿದರು ಎಂದೆ. ಕ್ರಾಫ್ಟ್ ಒಂದು ಕಣ್ಣಿನ ಕಪ್ಪು ಪಟ್ಟಿಯನ್ನು ಮೇಲೆತ್ತಿ ನನ್ನನ್ನು ಎರಡು ಕಣ್ಣಲ್ಲೂ ನೋಡಿದ.

"ಅವನು ಹೇಳಿದನಾ? ಮೋಸರ್?"

"ಹೌದು."

"ಅವನಾಗಿ?"

"ಅವರಾಗಿಯೇ."

ಕ್ರಾಫ್ಟ್ ಕೆಮ್ಮಿದ. "ಅವನಿಗೆ ಅಷ್ಟು ಮನಸ್ಸಿದ್ದರೆ ನಾನೇನು ಬೇಡ ಅನ್ನುವುದಿಲ್ಲ."

ಕರಡಿಯ ಬಳಿಗೆ ಮರಳಿದೆ. ಅವರು ಬೇಡ ಅನ್ನುವುದಿಲ್ಲವಂತೆ ಎಂದೆ. ಪುಣ್ಯಕ್ಕೆ ಇದು ನಿಜವಾಗಿತ್ತು. ಮೋಸರ್ ಅನುಮಾನದಿಂದ ಒಂದೇ ಶಬ್ದ ಕೇಳಿದ, "ಶ್ರಿಫ್ಟ್‌ಲಿಶ್?" ಬರವಣಿಗೆಯಲ್ಲಿ ಇದೆಯೇ ಎಂದು ಅರ್ಥ. ಬಾರ್ಕೂರಿನ ಯಾವ ಬೀಗನೂ ಯಾವ ದಲ್ಲಾಳಿಗೂ ಹಾಕದ ಪ್ರಶ್ನೆ.

ಅಷ್ಟರಲ್ಲಿ ಅಮ್ಮ ಬಾಣಲೆ ಹಿಡಿದು ಬಂದಳು. ಮೋಸರನ ಖಾಲಿ ತಟ್ಟೆಗೆ ಹರಿದ ದೋಸೆ ಹಾಕಿದಳು. ಅವನು ಕೈ ಅಡ್ಡ ಹಿಡಿದು ಬೇಡ, ಬೇಡ ಎಂದ. ಅಮ್ಮ ಅವನ ಬೆರಳ ಸಂದಿಯಿಂದಲೇ ಇನ್ನೊಂದು ಸೌಟು ಇಳಿಸಿದಳು. ಕರಡಿ ಒಂದು ಕ್ಷಣ ಅವಳನ್ನು ನೋಡಿತು. ಆಮೇಲೆ ತಲೆ ತಗ್ಗಿಸಿ ತಿನ್ನತೊಡಗಿತು.

"ನೋಡಿದ್ಯಾ?" ಅಮ್ಮ ನನಗೆ ಹೇಳಿದಳು. "ಬೇಡ ಹೇಳಿದ ಮೇಲೂ ತಿಂದ. ಇನ್ನು ಕೇಳ್ಬೇಡ. ಬಡಿಸು."

ನಾನು ಮೂಲೆಗೆ ಹೋಗಿ ಲ್ಯಾಪ್‌ಟಾಪು ತೆರೆದೆ. ಯಾರ ಬರವಣಿಗೆಯೂ ಇಲ್ಲದೆ, ಯಾರ ಸಹಿಯೂ ಇಲ್ಲದೆ, ಎರಡೂ ಊರಿನ ಎಲ್ಲಾ ಗೇಟುಗಳನ್ನು ಎಲ್ಲಾ ಪಾಸಿಗೂ ತೆರೆದುಬಿಟ್ಟೆ. ಹೊರಗೆ ಮೊದಲು ನಿಂತಿದ್ದವಳು ನೆರಳೂರಿನ ಒಬ್ಬ ಅಜ್ಜಿ, ರಾಣಿಜೇನಿನ ವೇಷ. ಗೇಟು ಒಂದು ಸಲ ಯೋಚಿಸಿ ಹಸಿರಾಯಿತು. ಅಜ್ಜಿ ರೆಕ್ಕೆ ಬಡಿಯುತ್ತಾ ಒಳಗೆ ಹೋದಳು. ಹ್ಯುಟ್ಟೆಯ ಕಿಟಕಿಗಳಿಂದ ಎದ್ದ ಕೂಗನ್ನು ಕೇಳಿ ವ್ರೋನಿ ಓಡಿ ಬಂದಳು. ನನ್ನನ್ನು ತಬ್ಬಿದಳು, ಆಮೇಲೆ ಅಮ್ಮನನ್ನು ತಬ್ಬಿದಳು. ಅಮ್ಮನನ್ನು ತಬ್ಬಿದ್ದೇ ಹೆಚ್ಚು ಹೊತ್ತು.

ನನ್ನ ಕೆಲಸ ಹೋಗಲಿಲ್ಲ. ಒಮ್ಮೆ ಹಸಿರಾದ ದೀಪವನ್ನು ಮತ್ತೆ ಕೆಂಪು ಮಾಡಿಸಿದ ಅಪಕೀರ್ತಿ ಯಾರಿಗೆ ಬೇಕು? ಮರುದಿನದಿಂದ ಮಕ್ಕಳ ಶಾಲೆ ನೆರಳೂರಿನಲ್ಲಿ. ವಾರದೊಳಗೆ ಇಬ್ಬರೂ ಯಜಮಾನರು ಮೊದಲು ದೊಡ್ಡ ಮನಸ್ಸು ಮಾಡಿದವನು ತಾನೇ ಎಂದು ಹೇಳಿಕೊಂಡು ತಿರುಗತೊಡಗಿದರು. ಇಬ್ಬರೂ ನನ್ನ ಸಾಕ್ಷಿ ಕೇಳಿದರು, ಇಬ್ಬರಿಗೂ ನಾನು ಹೌದು ಎಂದೆ. ಹೊಸ ಜಂಟಿ ಪಾಸಿನ ಒಂದು ಮುಖಕ್ಕೆ ಬಿಸಿಲೂರು, ಇನ್ನೊಂದು ಮುಖಕ್ಕೆ ನೆರಳೂರು. ಜೇಬಿನೊಳಗೆ ಯಾವುದು ಮೇಲಿರುತ್ತದೋ ಯಾರಿಗೆ ಗೊತ್ತು. ಸಂಘದವರು ಬೀಗದ ಮಾತು ಎತ್ತಲಿಲ್ಲ. ಹ್ಯುಟ್ಟೆಯಲ್ಲಿ ಮತ್ತೆ ಕೂರಲು ಜಾಗ ಸಿಗದಂತಾಯಿತು.

ಮಾರ್ಚಿನಲ್ಲಿ ಅಮ್ಮ ಹೊರಟಳು. ವಿಮಾನ ನಿಲ್ದಾಣದಲ್ಲಿ ಚೆಕಿಂಗಿಗೆ ಹೋಗುವ ಮೊದಲು, ಏನೋ ಈಗಷ್ಟೇ ನೆನಪಾದವಳಂತೆ ನಿಂತಳು.

"ಹೇಳ್ಲಿಕ್ಕೆ ಮರ್ತೆ ನೋಡು. ನಿನ್ನೆ ವೇಣಿ ಕೇಳಿದ್ಳು. ಗೇಟಿನ ಕೆಲಸ ಮುಗಿದ ಮೇಲೂ ಅವ ಗುಡ್ಡಕ್ಕೆ ಬರ್ತಾನಾ ಅಂತ."

ಆ ಒಂದು ಮಾತನ್ನು ಜೇಬಿನಲ್ಲಿಟ್ಟುಕೊಂಡು ನಾನು ಎರಡು ತಿಂಗಳು ಒದ್ದಾಡಿದೆ. ಮೇ ತಿಂಗಳಲ್ಲಿ ಹಿಮವೆಲ್ಲ ಕರಗಿ, ಇಳಿಜಾರಿನ ತುಂಬಾ ಹಳದಿ ಹೂ ಬಂದಿದ್ದಾಗ, ಲಿಫ್ಟಿಲ್ಲದೆ ನಡೆದೇ ಮೇಲೆ ಹೋದೆ. ವ್ರೋನಿ ಮಾಡಿನ ಮೇಲೆ ಕೂತು ಮರದ ಹಲಗೆ ಬಡಿಯುತ್ತಿದ್ದಳು. ನನ್ನನ್ನು ನೋಡಿ ಸುತ್ತಿಗೆ ಕೆಳಗಿಟ್ಟಳು.

"ಬಂದೆಯಾ? ಬಾಗಿಲು ತೆರೆದೇ ಇದೆ" ಎಂದಳು.

ಈಗ ಅವಳು ಚಳಿಗಾಲ ಹ್ಯುಟ್ಟೆಯಲ್ಲಿ, ಉಳಿದ ಕಾಲ ಗಾರ್ಕಿಂಗಿನಲ್ಲಿ. ಕೆಲ್ಲರ್‌ನಲ್ಲಿ ಮೇಣ ಕಾಯಿಸುವುದು ಬೇರೆ ಯಾರೂ ಅಲ್ಲ. ಇಷ್ಟು ಬರೆದವನು ಮೊನ್ನೆ ಕೆಳಗೆ ಇಳಿದು, ಅವಳು ಇಸ್ತ್ರಿಪೆಟ್ಟಿಗೆ ಆಡಿಸುತ್ತಿರುವಾಗ, ಒಂದೊಂದೇ ವಾಕ್ಯವನ್ನು ಜರ್ಮನ್‌ಗೆ ತಿರುಗಿಸಿ ಓದಿ ಹೇಳಿದೆ. ವಿಮಾನ ನಿಲ್ದಾಣದ ಭಾಗ ಬಂದಾಗ ಅವಳ ಕೈ ನಿಂತಿತು.

"ನಾನು ಹಾಗೆ ಕೇಳಲೇ ಇಲ್ಲ."

"ಕೇಳಿದೆಯಲ್ಲ, ಅಮ್ಮನ ಹತ್ತಿರ."

"ಇಲ್ಲವೇ ಇಲ್ಲ. ನೀನಲ್ಲವಾ ಕೇಳಿದ್ದು? ಬೇಸಿಗೆಯಲ್ಲಿ ಬಂದರೆ ಹ್ಯುಟ್ಟೆಯ ಬಾಗಿಲು ತೆರೆದಿರುತ್ತದಾ ಅಂತ ನೀನು ಕೇಳುತ್ತಿದ್ದೀಯೆಂದು ಹೊರಡುವ ಮುಂಚಿನ ದಿನ ನಿನ್ನ ಅಮ್ಮನೇ ಹೇಳಿದರು. ಅದಕ್ಕೇ ನಾನು ತೆರೆದಿದೆ ಎಂದದ್ದು."

ಮೇಣ ಕರಗಿ ಹಲಗೆಯಿಂದ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಇಬ್ಬರಿಗೂ ಒಮ್ಮೆಲೇ ನಗು ಶುರುವಾಯಿತು, ನಿಲ್ಲಲೇ ಇಲ್ಲ. ಅಲ್ಲಿಂದಲೇ ಬಾರ್ಕೂರಿಗೆ ವಿಡಿಯೋ ಕಾಲ್ ಹಚ್ಚಿದೆ. ಅಮ್ಮ ದೋಸೆ ಹೊಯ್ಯುತ್ತಿದ್ದಳು. ವಿಷಯ ಕೇಳಿದರೆ ಒಂದು ಚೂರೂ ನಾಚಿಕೆಯಿಲ್ಲ. ಕಾವಲಿಯ ಮೇಲಿನ ದೋಸೆಯನ್ನು ಮಗುಚಿ, ಕ್ಯಾಮೆರಾ ನೋಡಿದಳು.

"ಸಾವಿರ ಹೇಳ್ಲಿಕ್ಕೆ ಹಿರಿಯರ ಅಪ್ಪಣೆ ಉಂಟು ಮಾಣಿ. ನಾನು ಎರಡರಲ್ಲೇ ಮುಗಿಸಿದ್ದೇನೆ!"